ಬಾಲ ಎತ್ತಿದ ಬೈಕು

“ಕೂಡೂದಿಲ್ಲ ಯಲ್ಲೇಶಣ್ಣಾ. ಸುಳ್ಳ ಯಾಕ ಹೇಳ್ಲಿ?”

ಗ್ಯಾರೇಜಿನ ಇನಾಯತ ಚಾಚಾ ಹೊಸ ಮಡ್‌ಗಾರ್ಡನ್ನು ಹಳೆಯ ಬೈಕಿನ ಹಿಂದೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. “ನಿನ್ನ ಗಾಡಿ ಹದಿನೆಂಟು ವರ್ಷದ್ದು. ಈ ಮಡ್‌ಗಾರ್ಡ್ ನಿನ್ನೆ ಹುಟ್ಟಿದ್ದು. ತೂತಿಗೆ ತೂತು ಹೊಂದವಲ್ದು.”

ಅಂಕಿತಾ ಅಪ್ಪ ಯಲ್ಲೇಶನ ಪಕ್ಕದಿಂದ ಮುಂದೆ ಬಂದಳು. “ಚಾಚಾ, ಹೆಂಗರ ಮಾಡಿ ಕೂಡಸ್ರೀ! ಪ್ಲೀಸ್!”

“ನೋಡಪಾ, ಮಾಲಕರು ಇವರ ಅದಾರ,” ಎಂದು ಚಾಚಾ ನಕ್ಕ. ಅಪ್ಪನೂ ನಕ್ಕ.

ಹಳೆಯ ಮಡ್‌ಗಾರ್ಡ್ ತುಕ್ಕು ತಿಂದು, ನಂಬರ್ ಪ್ಲೇಟಿನ ಹತ್ತಿರ ಸೀಳಿತ್ತು. ಅಂಥದ್ದೇ ಇನ್ನೊಂದು ಸಿಗಲಿ ಎಂದು ಅಪ್ಪ ಗದಗ, ಬೆಟಗೇರಿಯ ಅಂಗಡಿಗಳನ್ನೆಲ್ಲ ಕೇಳಿ ಬಂದಿದ್ದ. ಆ ಮಾಡೆಲ್ ಬರುವುದು ನಿಂತು ಎಷ್ಟೋ ವರ್ಷವಾಗಿತ್ತು. ಸಿಕ್ಕಿದ್ದು ಹೊಸ ಮಾಡೆಲಿನದು. ಕಪ್ಪಗೆ ಹೊಳೆಯುತ್ತಿತ್ತು, ಅದರ ತುದಿಯಲ್ಲಿ ಕೆಂಪು ಲೈಟು.

ಅಂಕಿತಾಳಿಗೆ ಅದು ಬೇಕೇ ಬೇಕಿತ್ತು. ಯಾಕೆಂದರೆ ಹಳೆಯದು ತುಕ್ಕು ಹಿಡಿದದ್ದು ಮಾತ್ರವಲ್ಲ, ಮೇಲಕ್ಕೆ ಎದ್ದು ನಿಂತಿತ್ತು. ಅವಳ ಕ್ಲಾಸಿನ ಶೃತಿ ಒಂದು ದಿನ ಅದನ್ನು ನೋಡಿ, “ನಿಮ್ಮ ಗಾಡಿ ಬಾಲ ಎತ್ತಿದ ಕೋಳಿ ಆಗೇತಲ್ಲೇ!” ಅಂದಿದ್ದಳು. ಅಂದಿನಿಂದ ಅಪ್ಪ ಅವಳನ್ನು ಹೊಂಬಳದ ಶಾಲೆಯ ಗೇಟಿನ ಹತ್ತಿರ ಇಳಿಸಿದ ಕೂಡಲೇ ಯಾರಾದರೊಬ್ಬರು “ಕೊಕ್ಕೊಕ್ಕೋ” ಅನ್ನುತ್ತಿದ್ದರು.

ಚಾಚಾ ಹಳೆಯ ಮಡ್‌ಗಾರ್ಡ್ ಬಿಚ್ಚಿದ. ಅದರೊಂದಿಗೆ ನಾಲ್ಕು ಪೈಪಿನ ತುಂಡುಗಳು ಟಣ್ ಟಣ್ ಎಂದು ನೆಲಕ್ಕೆ ಬಿದ್ದವು. ಒಂದೊಂದೂ ಹೆಬ್ಬೆರಳಿನಷ್ಟು. ಉದ್ದನೆಯ ಬೋಲ್ಟುಗಳು ಅವುಗಳ ಒಳಗಿಂದ ಹಾದು, ಮಡ್‌ಗಾರ್ಡನ್ನು ಚಕ್ರದಿಂದ ಮೇಲಕ್ಕೆ ಎತ್ತಿ ಹಿಡಿದಿದ್ದವು.

“ಬಾಲ ಎತ್ತಿದ್ದು ಇವಽ!” ಎಂದಳು ಅಂಕಿತಾ.

“ಇವನ್ನ ಮತ್ತ ಹಾಕೂದೇನು?” ಚಾಚಾ ಕೇಳಿದ.

“ಹಾಕೂದು ಚಲೋ. ನಮ್ಮ ಹೊಲದ ದಾರ್ಯಾಗ...” ಅಪ್ಪ ಶುರುಮಾಡಿದ.

“ಬ್ಯಾಡ ಅಪ್ಪಾ! ಶೃತಿ ಅವರ ಗಾಡಿದು ನೋಡು, ಹೆಂಗ ಚಂದ ಒತ್ತಿ ಕುಂತೈತಿ!”

ಅಪ್ಪ ಮಗಳ ಮುಖ ನೋಡಿದ. ಆಮೇಲೆ ಆಕಾಶ ನೋಡಿದ. ಹದಿನೈದು ದಿನದಿಂದ ಮಳೆಯ ಸುಳಿವಿರಲಿಲ್ಲ. “ಆತು, ಅಕಿ ಹೇಳಿದಂಗ ಮಾಡು. ಮಳಿ ಹತ್ತಿದಾಗ ಹಾಕ್ಕೊಂಡ್ರಾತು. ಯವ್ವಾ, ಇವನ್ನ ಗಾಡಿ ಡಬ್ಬ್ಯಾಗ ಇಡು.”

ಚಾಚಾ ಹೊಸ ಮಡ್‌ಗಾರ್ಡಿಗೆ ಎರಡು ಹೊಸ ತೂತು ಕೊರೆದ. ಲೈಟಿನ ಸಾಕೆಟ್ ಹೊಂದಲಿಲ್ಲ. ಅದನ್ನು ಕತ್ತರಿಸಿ, ವೈರಿಗೆ ವೈರು ಹೊಸೆದು ಟೇಪು ಸುತ್ತಿದ. ಇಬ್ಬರೂ ಬಗ್ಗಿ ಕೆಲಸದಲ್ಲಿದ್ದಾಗ ಅಂಕಿತಾ ಉದ್ದನೆಯ ಬೋಲ್ಟುಗಳನ್ನು ಡಬ್ಬಿಯಲ್ಲಿಟ್ಟು, ನಾಲ್ಕೂ ತುಂಡುಗಳನ್ನು ಮಾತ್ರ ಚಾಚಾನ ಗುಜರಿ ತೊಟ್ಟಿಯಲ್ಲಿ ಮೆಲ್ಲಗೆ ಹಾಕಿಬಿಟ್ಟಳು.

ಇನ್ನು ಬಾಲ ಏಳುವ ಮಾತೇ ಇಲ್ಲ.

ಮರುದಿನ ಗೇಟಿನಲ್ಲಿ ಯಾರೂ ಕೊಕ್ಕೊಕ್ಕೋ ಅನ್ನಲಿಲ್ಲ. ಶೃತಿ ಹತ್ತಿರ ಬಂದು ಲೈಟು ಮುಟ್ಟಿ ನೋಡಿದಳು. “ಹೊಸಾ ಗಾಡೀ ಏನಲೇ?” ಅಂದಳು. ಅಂಕಿತಾ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಆ ವಾರ ಪ್ರತಿಭಾ ಕಾರಂಜಿ ಇತ್ತು. ಅಂಕಿತಾ ವಚನ ಹೇಳುವವಳು. ಅವಳ ಮನೆ ಇರುವುದು ಹೊಲದಲ್ಲಿ. ದಿನಾ ಬೆಳಿಗ್ಗೆ ಅಪ್ಪನ ಬೆನ್ನಿಗೆ ಕೂತು, ವಚನ ಹೇಳುತ್ತಲೇ ಶಾಲೆಗೆ ಹೋಗುತ್ತಿದ್ದಳು. ಅವಳು ಸಾಲು ಬಿಟ್ಟರೆ ಅಪ್ಪ ತಿರುಗಿ ನೋಡದೆಯೇ ಅದನ್ನು ಎತ್ತಿಕೊಡುತ್ತಿದ್ದ.

ಕಾರಂಜಿಯ ಹಿಂದಿನ ರಾತ್ರಿ ಮಳೆ ಬಂತು. ಸಣ್ಣ ಮಳೆಯಲ್ಲ, ನೆಲ ನೆನೆದು ಹದವಾಗುವಂಥ ಮಳೆ.

ಬೆಳಿಗ್ಗೆ ಹೊಲದ ದಾರಿಯ ಎರೆಮಣ್ಣು ಕಲಸಿದ ಹಿಟ್ಟಾಗಿತ್ತು. ಬೈಕು ನೂರು ಹೆಜ್ಜೆ ಹೋಗಿತ್ತೋ ಇಲ್ಲವೋ, ಹಿಂದಿನ ಚಕ್ರ ಗಕ್ಕನೆ ನಿಂತುಬಿಟ್ಟಿತು. ಅಪ್ಪ ಇಳಿದು ನೋಡಿದ. ಚಕ್ರಕ್ಕೂ ಹೊಸ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ, ಗಚ್ಚು ಹಾಕಿದಂತೆ ತುಂಬಿತ್ತು.

ಅಪ್ಪ ಬೇಲಿಯಿಂದ ಒಂದು ಕೋಲು ಮುರಿದು ತಂದ. ಒಳಗೆ ತೂರಿಸಲು ನೋಡಿದ. ಕೋಲು ಹೋಗಲು ಸಂದಿಯೇ ಇರಲಿಲ್ಲ. ಬೆರಳಿನಿಂದ ಕೆದರಿದ. ಚಕ್ರ ಅರ್ಧ ಸುತ್ತು ತಿರುಗಿತು, ಮತ್ತೆ ನಿಂತಿತು.

“ಡಬ್ಬ್ಯಾಗ ಪೈಪಿನ ತುಂಡು ಅದಾವಲ್ಲ, ಇಲ್ಲೇ ಹಾಕಿಬಿಡ್ತೀನಿ. ಹತ್ತು ಮಿನಿಟಿನ ಕೆಲಸ,” ಅಂದ ಅಪ್ಪ.

ಅಂಕಿತಾ ಒಂದು ಹೆಜ್ಜೆ ಹಿಂದೆ ಸರಿದಳು.

ಅಪ್ಪ ಡಬ್ಬಿ ತೆರೆದ. ನಟ್ಟು ಬಿಗಿಯುವ ಒಂದು ಪಾನಾ, ಉದ್ದನೆಯ ಬೋಲ್ಟುಗಳು, ಒಂದು ಅರಿವೆ. ಅರಿವೆ ಝಾಡಿಸಿದ. ಮತ್ತೆ ಕೈಯಾಡಿಸಿದ.

“ಎಲ್ಲಿ ಹೋದವು? ನೀ ಇಟ್ಟಿರ್ತಿ. ಪಾನಾ ತಗೀಬೇಕಾದ್ರ ನಾನಽ ಎಲ್ಲೋ ಬೀಳಿಸಿರಬೇಕು. ನನಗೂ ಲಕ್ಷ್ಯ ಇಲ್ಲ ನೋಡು.”

ಅಂಕಿತಾ ತನ್ನ ಕಾಲಿಗೆ ಮೆತ್ತಿದ ಮಣ್ಣನ್ನೇ ನೋಡುತ್ತ ನಿಂತಳು.

“ನೀ ನಡಿ ಯವ್ವಾ, ತಡ ಆದೀತು. ಚಪ್ಪಲಿ ಕೈಯಾಗ ಹಿಡಕೋ. ವಚನಾ ಹೇಳ್ಕೋತ ನಡಿ, ದಾರಿ ಸವೀತೈತಿ.”

ಅವಳು ನಡೆದಳು. ವಚನ ಮಾತ್ರ ಹೇಳಲಿಲ್ಲ. ಒಮ್ಮೆ ತಿರುಗಿ ನೋಡಿದಾಗ ಅಪ್ಪ ಮಣ್ಣಿನಲ್ಲಿ ಮೊಳಕಾಲೂರಿ ಕೂತು, ಬೆರಳಿನಿಂದ ಚಕ್ರ ಕೆದರುತ್ತಿದ್ದ.

ಶಾಲೆ ತಲುಪಿದಾಗ ಅವಳ ಹೆಸರು ಕೂಗಿ ಆಗಿತ್ತು. “ಆತು, ಕಡೀಕ ಹೇಳು,” ಅಂದರು ಟೀಚರ್. ಅಂಕಿತಾ ನಿಂತಳು, ಕೈ ಮುಗಿದಳು. ಎರಡು ಸಾಲು ಸರಿಯಾಗಿ ಬಂದವು. ಮೂರನೆಯದು ಬರಲಿಲ್ಲ. ಎತ್ತಿಕೊಡಲು ಮುಂದೆ ಅಪ್ಪನ ಬೆನ್ನಿರಲಿಲ್ಲ. ಸುಮ್ಮನೆ ಬಂದು ಕೂತಳು. ಶೃತಿ ತನ್ನ ನೀರಿನ ಬಾಟಲಿ ಕೊಟ್ಟಳು.

ಸಂಜೆ ಮನೆಗೆ ಬಂದಾಗ ಅಂಗಳದಲ್ಲಿ ಕರ್ ಕರ್ ಎಂಬ ಸಪ್ಪಳ. ಅಪ್ಪ ಹಳೆಯ ಪೈಪೊಂದನ್ನು ಕಾಲಲ್ಲಿ ಒತ್ತಿ ಹಿಡಿದು ಗರಗಸದಿಂದ ಕೊಯ್ಯುತ್ತಿದ್ದ. ಒಂದು ತುಂಡು ಆಗಿತ್ತು. ಇನ್ನೂ ಮೂರು ಆಗಬೇಕಿತ್ತು.

“ಹೇಳಿದೇನವಾ ವಚನಾ?”

“ಅಪ್ಪಾ,” ಅಂದಳು ಅಂಕಿತಾ. “ನೀ ಬೀಳಿಸಿಲ್ಲ ಅವನ್ನ.”

ಗರಗಸ ನಿಂತಿತು.

“ನಾನಽ ಚಾಚಾನ ತೊಟ್ಟ್ಯಾಗ ಒಗದೆ. ಎಲ್ಲಾರೂ ಕೋಳಿ ಅಂತಿದ್ರು.”

ಅಪ್ಪ ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡ. ಆಮೇಲೆ ಪೈಪಿನ ತುದಿಯನ್ನು ಅವಳ ಕಡೆ ಸರಿಸಿದ.

“ಬಿಗಿ ಹಿಡಿ. ಅಲುಗಾಡಿಸಬ್ಯಾಡ.”

ಅಂಕಿತಾ ಎರಡೂ ಕೈಯಿಂದ ಹಿಡಿದಳು. ಗರಗಸ ಆಡಿದಂತೆ ಪೈಪು ನಡುಗಿ, ಅಂಗೈ ಜುಮುಜುಮು ಅನ್ನುತ್ತಿತ್ತು. ಕೊಯ್ದ ಕಡೆ ಮುಟ್ಟಿದರೆ ಬೆರಳು ಚುರ್ರೆನ್ನುವಷ್ಟು ಬಿಸಿ. ನಾಲ್ಕು ತುಂಡು ಆಗುವಷ್ಟರಲ್ಲಿ ದನಗಳು ಮನೆಗೆ ಬಂದಿದ್ದವು.

ಅಪ್ಪ ಬೋಲ್ಟು ಬಿಗಿದ. ಹೊಸ ಮಡ್‌ಗಾರ್ಡ್ ಬಾಲ ಎತ್ತಿ ನಿಂತಿತು.

“ಕೈ ಹಾಕಿ ನೋಡು. ನಾಕು ಬಟ್ಟು ಹೋಗಬೇಕು.”

“ನಾಕಽ ಯಾಕಪ್ಪಾ?”

“ಕೋಲು ಆಡಬೇಕಲ್ಲ. ಎರಿಮಣ್ಣು ಹತ್ತೂದಽ. ಅದನ್ನ ತಗಿಯಾಕ ಜಾಗಾ ಇರಬೇಕು.”

ಮರುದಿನವೂ ದಾರಿ ಕೆಸರೇ. ಬೈಕು ಎರಡು ಸಲ ನಿಂತಿತು. ಎರಡೂ ಸಲ ಅಂಕಿತಾಳೇ ಇಳಿದು, ಕೋಲು ತೂರಿಸಿ ಮಣ್ಣು ಕೆಡವಿದಳು. ಶಾಲೆಯ ಗಂಟೆ ಇನ್ನೂ ಹೊಡೆದಿರಲಿಲ್ಲ.

“ಕೊಕ್ಕೊಕ್ಕೋ!” ಗೇಟಿನ ಹತ್ತಿರ ಯಾರೋ ಕೂಗಿದರು.

“ಮತ್ತ ಬಾಲ ಎತ್ತೇತಲ್ಲೇ!” ಅಂದಳು ಶೃತಿ.

“ಹೂಂ, ಎತ್ತೇತಿ,” ಅಂದಳು ಅಂಕಿತಾ.

ಬಗ್ಗಿ, ನಾಲ್ಕು ಬೆರಳು ಜೋಡಿಸಿ ಸಂದಿಯೊಳಗೆ ಹಾಕಿದಳು. ಸರಾಗವಾಗಿ ಹೋದವು. ಒಳಗೆ ಉಳಿದಿದ್ದ ಒಂದು ಹೆಂಟೆ ಮಣ್ಣು ಕಿತ್ತು ಒಗೆದು, ಕೈ ಒರೆಸಿಕೊಂಡು ಗೇಟಿನ ಒಳಗೆ ನಡೆದಳು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ, ನಿನ್ನೆ ಮರೆತಿದ್ದ ಮೂರನೆಯ ಸಾಲು ಯಾರೂ ಎತ್ತಿಕೊಡದೆ ತಾನಾಗಿಯೇ ಬಾಯಿಗೆ ಬಂತು.