ಎಡಕ್ಕೆ ಬಿದ್ದ ಹೂ

"ಬಿಡೇ ಆ ತಟ್ಟೇನ! ಇವತ್ತು ಪಟಾಲಮ್ಮನಿಗೆ ಹೂ ನಾನೇ ಮುಡಿಸ್ತೀನಿ. ನೀನು ಹೋಗಿ ಸೀರೆ ಉಟ್ಕೋ."

ಚಿಕ್ಕಲಕ್ಷ್ಮಮ್ಮ ಸೇವಂತಿಗೆಯ ತಟ್ಟೆಯನ್ನು ಮಗಳು ಸ್ಪಂದನಳ ಕೈಯಿಂದ ಕಿತ್ತುಕೊಂಡಳು.

"ಪ್ರತಿ ಸಲ ನಾನೇ ಅಲ್ವಾಮ್ಮ ಮುಡಿಸೋದು..."

"ಅದಕ್ಕೇ ಕಣೇ ಈ ಸಲ ನಾನು" ಎಂದು ತಾಯಿ ಒಂದು ಥರಾ ನಕ್ಕಳು. ಆ ನಗುವಿನ ಅರ್ಥ ಸ್ಪಂದನಳಿಗೆ ಆಗಲಿಲ್ಲ. ಬೆರಳುಗಳು ಆಗಲೇ ನಡುಗತೊಡಗಿದ್ದವು. ಎಂದಿನಂತೆ ಅವನ್ನು ದುಪಟ್ಟಾದ ಅಡಿ ಬಚ್ಚಿಟ್ಟುಕೊಂಡು ರೂಮಿಗೆ ಹೋದಳು.

ಮಲ್ಲತ್ತಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದಿಂದಲೂ ಸ್ಪಂದನಳ ತಂದೆ ಬೈರಪ್ಪನವರ ಮನೆಯಂಗಳದಲ್ಲಿ ಪಟಾಲಮ್ಮನ ಗುಡಿಯಿದೆ. ಹೊಲಗಳೆಲ್ಲ ಸೈಟುಗಳಾದವು, ಸುತ್ತ ಬಾಡಿಗೆ ಮನೆಗಳೆದ್ದವು, ಗುಡಿ ಮಾತ್ರ ಕದಲಲಿಲ್ಲ. ಆ ದೇವಿಯ ಅಪ್ಪಣೆಯಿಲ್ಲದೆ ಬೈರಪ್ಪನವರು ಮದುವೆಯ ಮಾತೇ ಎತ್ತುವವರಲ್ಲ. ದೇವಿಯ ಎರಡೂ ಭುಜಕ್ಕೆ ಒಂದೊಂದು ಹೂ ಅಂಟಿಸಿ, ಎರಡೂ ಮನೆಯವರು ಕೈಮುಗಿದು ನಿಲ್ಲಬೇಕು. ಬಲದ ಹೂ ಬಿದ್ದರೆ ಮದುವೆ. ಎಡದ್ದು ಬಿದ್ದರೆ ಬಂದ ದಾರಿ ಹಿಡಿಯಬೇಕು, ಅಷ್ಟೇ! ಸ್ಪಂದನಳಿಗೆ ಬಂದ ಸಂಬಂಧಗಳಿಗೆಲ್ಲ ಎಡವೇ ಬಿದ್ದು, ಅವಳಿಗೆ ಮೂವತ್ತು ದಾಟಿತ್ತು.

ಬೀಳಿಸಿದ್ದು ದೇವಿಯಲ್ಲ, ಸ್ಪಂದನಳೇ! ಬಲದ ಹೂವನ್ನು ಅರಿಶಿನದ ಮುದ್ದೆಯಲ್ಲಿ ಒತ್ತಿ, ಎಡದ್ದನ್ನು ಬರೀ ನೀರಲ್ಲಿ ಅಂಟಿಸುತ್ತಿದ್ದಳು. ನೀರು ಆರಿದೊಡನೆ ಹೂ ಬೀಳಲೇಬೇಕಲ್ಲ. ಹೊಸಬರ ಮುಂದೆ ಕೂತರೆ ಅವಳಿಗೆ ಉಸಿರು ಕಟ್ಟುತ್ತಿತ್ತು, ಕೈ ನಡುಗುತ್ತಿತ್ತು, ಮಾತು ಗಂಟಲಲ್ಲೇ ಸಾಯುತ್ತಿತ್ತು. ಇದೆಲ್ಲ ಗೊತ್ತಾದರೆ ಯಾವ ಗಂಡು ತಾನೇ ಒಪ್ಪುತ್ತಾನೆ? ಅವರು ಬೇಡ ಎನ್ನುವ ಮೊದಲೇ ದೇವಿ ಬೇಡ ಎಂದುಬಿಡಲಿ... ಹೆದರಿದ ಜೀವ ಕಂಡುಕೊಂಡ ಉಪಾಯ ಅದು. ಬೈಯುವುದಾದರೂ ಹೇಗೆ?

ಆದರೆ ಇವತ್ತು ಹೂ ಕೇಳಲು ಬರಲಿದ್ದ ಯಶ್ವಂತನ ಮಾತೇ ಬೇರೆ. ಚಂದ್ರಾ ಲೇಔಟಿನಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡಿದ್ದವನು. ಹಿರಿಯರ ಒಪ್ಪಿಗೆಯಿಂದಲೇ ಇಬ್ಬರೂ ಅಲ್ಲಿನ ದರ್ಶಿನಿ ಹೋಟೆಲಿನಲ್ಲಿ ಭೇಟಿಯಾಗಿದ್ದರು. ಕಾಫಿ ಅವಳ ಕೈಯಲ್ಲಿ ತುಳುಕಿ ಚೂಡಿದಾರದ ಮೇಲೆಲ್ಲ ಚೆಲ್ಲಿದಾಗ ಅವನು ಏನೂ ಕೇಳಲಿಲ್ಲ. ಹೋಗಿ ಇನ್ನೊಂದು ಕಾಫಿ ತಂದ, ಅದರಲ್ಲಿ ಅರ್ಧವನ್ನು ತನ್ನ ಲೋಟಕ್ಕೆ ಬಗ್ಗಿಸಿಕೊಂಡು, "ಈಗ ಚೆಲ್ಲಲ್ಲ, ಕುಡೀರಿ" ಎಂದ. ಅವಳಿಗೆ ಅಲ್ಲೇ ಅಳು ಬಂದಿತ್ತು! ಮನೆಗೆ ಬಂದಾಗ ತಾಯಿ, "ಹುಡುಗ ಹೇಗಿದಾನೇ?" ಎಂದು ಕೇಳಿದರೆ, "ನಿಮ್ಮಿಷ್ಟ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು. ಇಷ್ಟವೆಂದು ಬಾಯಿಬಿಟ್ಟ ಮೇಲೆ ಅದು ತಪ್ಪಿಹೋದರೆ ತಡೆದುಕೊಳ್ಳುವುದು ಹೇಗೆಂಬ ಭಯ ಅವಳಿಗೆ.

ಇವತ್ತು ಬಲದ ಹೂವನ್ನೇ ನೀರಲ್ಲಿ ಅಂಟಿಸಬೇಕು ಎಂದುಕೊಂಡಿದ್ದಳು. ಆ ತಟ್ಟೆಯೇ ಕೈತಪ್ಪಿತು. ಸೀರೆಯ ನೆರಿಗೆ ಎರಡು ಸಲ ತಪ್ಪಿತು. ಇಷ್ಟು ಸಲ ದೇವಿಗೆ ಮೋಸ ಮಾಡಿದ್ದೇನೆ... ಇವತ್ತು ಅವಳು ಸುಮ್ಮನಿರುತ್ತಾಳೆಯೇ?

ಯಶ್ವಂತನ ಮನೆಯವರು ಬಂದ ಮೇಲೆ ಎಲ್ಲರೂ ಗುಡಿಯಲ್ಲಿ ಕೈಮುಗಿದು ನಿಂತರು. ಬೈರಪ್ಪ ಮಂಗಳಾರತಿ ಮುಗಿಸಿ ಪಕ್ಕಕ್ಕೆ ಸರಿದರು. ದೀಪದ ಬೆಳಕಿನಲ್ಲಿ ದೇವಿಯ ಬೆಳ್ಳಿಗಣ್ಣು ನೆಟ್ಟಗೆ ತನ್ನನ್ನೇ ನೋಡುತ್ತಿದೆ ಎನಿಸಿತು ಸ್ಪಂದನಳಿಗೆ. ಬಲದ ಹೂವಿನ ಎಸಳು ಅಲುಗಿದಂತಾಯಿತು... ತಾಯೀ, ಇದೊಂದು ಸಲ... ಇದೊಂದೇ ಸಲ!

ಎಡದ ಹೂ ಬಿತ್ತು.

"ಋಣ ಇಲ್ಲ ಬಿಡಿ. ಪಟಾಲಮ್ಮನ ಮಾತು ಮೀರೋಕಾಗುತ್ತಾ?" ಎಂದು ಯಶ್ವಂತನ ತಾಯಿ ಕೈಮುಗಿದು ಹೊರಟರು. ಬೈರಪ್ಪ ಗುಡಿಯ ಕಟ್ಟೆಯ ಮೇಲೆ ಕುಸಿದು ಕೂತರು.

ಯಶ್ವಂತ ಮಾತ್ರ ಗೇಟಿನ ಹತ್ತಿರದಿಂದ ವಾಪಸು ಬಂದ. "ರೀ, ನನಗೆ ಹೂವಿನ ಮೇಲೆಲ್ಲ ನಂಬಿಕೆ ಇಲ್ಲ. ನಿಮಗೆ ಇಷ್ಟ ಇದ್ಯಾ ಹೇಳಿ. ಹ್ಞೂಂ ಅಂದ್ರೆ ಸಾಕು, ನಮ್ಮಮ್ಮನ್ನ ನಾನು ಒಪ್ಪಿಸ್ಕೋತೀನಿ."

ಒಂದೇ ಒಂದು ಹ್ಞೂಂ! ದೇವಿಯೇ ಬಾಯಿ ಕಟ್ಟಿದಳೆನ್ನಿಸಿತು. ಅವನು ಕಾದ. ಅವನ ತಾಯಿ ಕಾರಿನಿಂದ ಹಾರ್ನ್ ಹೊಡೆಸಿದರೂ ಕಾದ. ಸ್ಪಂದನ ತಲೆ ತಗ್ಗಿಸಿಯೇ ನಿಂತಿದ್ದಳು.

"ಪರವಾಗಿಲ್ಲ ಬಿಡಿ..." ಎಂದು ಅವನು ಹೊರಟುಹೋದ.

ಅವಳು ಒಳಗೆ ಬಂದಾಗ ಚಿಕ್ಕಲಕ್ಷ್ಮಮ್ಮ ಅಡುಗೆಮನೆಯ ಬಾಗಿಲು ಹಾಕಿ ಮಗಳನ್ನು ತಬ್ಬಿಕೊಂಡಳು. ಅವಳ ಕಣ್ಣಲ್ಲಿ ನೀರು, ಮುಖದಲ್ಲಿ ಎಂದೂ ಇಲ್ಲದ ಕಳೆ!

"ಹೋದ ಸಲ ಗುಡಿ ತೊಳೀವಾಗ ನೋಡ್ದೆ ಕಣೇ. ಬಲಗಡೆ ಹೂವಿನ ಹಿಂದೆ ಮಾತ್ರ ಅರಿಶಿನ ಇತ್ತು. ನನ್ನ ಮಗಳಿಗೆ ಮದುವೆ ಬೇಡ, ಹೇಳೋಕೆ ಹೆದರ್ಕೊಂಡಿದಾಳೆ ಅಂತ ಆಗ್ಲೇ ಗೊತ್ತಾಯ್ತು. ನಾನೂ ನಿನ್ ಹಾಗೇ ಬಾಯಿ ಬಿಡೋಕಾಗ್ದೆ ತಾಳಿ ಕಟ್ಟಿಸ್ಕೊಂಡವಳೇ. ನಮ್ಮವ್ವನಿಗೆ ಅದು ಅರ್ಥ ಆಗ್ಲಿಲ್ಲ... ನಿನ್ ಗತಿ ಹಂಗಾಗೋದು ಬೇಡ, ಆ ಪಾಪ ನನ್ ತಲೆಗೇ ಇರ್ಲಿ ಅಂತ ಇವತ್ತು ಎಡಗಡೆ ಹೂವನ್ನ ನಾನೇ ನೀರಲ್ಲಿ ಅಂಟಿಸ್ದೆ ಕಣೇ!"

ಸ್ಪಂದನ ಗೋಡೆ ಹಿಡಿದುಕೊಂಡಳು. ಅಯ್ಯೋ ಅಮ್ಮಾ... ಎಂಬ ಕೂಗು ಗಂಟಲವರೆಗೆ ಬಂತು. ಆದರೆ ಎದುರಿಗಿದ್ದ ಆ ಮುಖ! ಜೀವಮಾನದಲ್ಲಿ ಮೊದಲ ಸಲ ಮಗಳ ಮನಸ್ಸು ಅರಿತೆನೆಂದು ಹಿಗ್ಗಿದ್ದ ಮುಖ. ಅದಕ್ಕಾಗಿ ದೇವಿಯನ್ನೂ ಎದುರು ಹಾಕಿಕೊಂಡ ಮುಖ. ಈಗ ನಿಜ ಹೇಳಿದರೆ ಈ ಹೆಂಗಸು ಬದುಕಿರುವಷ್ಟು ಕಾಲ ತನ್ನನ್ನು ತಾನೇ ಶಪಿಸಿಕೊಳ್ಳುತ್ತಾಳೆ.

ಸ್ಪಂದನಳ ಕೈಯಲ್ಲಿದ್ದ ಫೋನು ರಿಂಗಣಿಸಿತು. ಯಶ್ವಂತ. ಬೆರಳು ಹಸಿರು ಗುಂಡಿಯ ಮೇಲೆ ಹೋಗಿ ನಿಂತಿತು.

"ಯಾರೇ ಅದು?"

"ಆಫೀಸಿಂದ" ಎಂದು ಕಟ್ ಮಾಡಿದಳು.

"ಹಗುರ ಆಯ್ತಾ ಮಗಳೇ?"

"ಹ್ಞೂಂ... ಆಯ್ತಮ್ಮ."

ಗೇಟಿನ ಬಳಿ ಬಾರದ ಹ್ಞೂಂ ಈಗ ಸಲೀಸಾಗಿ ಬಂದಿತ್ತು. ಚಿಕ್ಕಲಕ್ಷ್ಮಮ್ಮ ಮಗಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು.

"ನನಗೊತ್ತಿತ್ತು ಕಣೇ. ನೋಡು ಬೇಕಾದ್ರೆ... ಕೈ ಕೂಡ ನಡುಗ್ತಾ ಇಲ್ಲ."