ಮೂರು ಭಾನುವಾರಕ್ಕೆ ಮೂರೇ ಫೋಟೊ

ಮೂರು ಭಾನುವಾರ, ಮೂರು ಊರು, ಒಟ್ಟು ಮೂರೇ ಮೂರು ಫೋಟೊ. ಸುಪ್ರಿತಾಳಿಗೆ ರೇಗಿಹೋಯಿತು.

“ಶೈಲೇಶ್, ನಾನು ಕೇಳಿದ್ದು ಪುತ್ತೂರಿನ ಬೀರಮಲೆ ಗುಡ್ಡದ ಫೋಟೊ. ಇದರಲ್ಲಿ ಗುಡ್ಡ ಎಲ್ಲುಂಟು?”

ಕಡಬ ಪೇಟೆಯ ತನ್ನ ಸ್ಟುಡಿಯೋದಲ್ಲಿ ಶೈಲೇಶ್ ಕಂಪ್ಯೂಟರಿನತ್ತ ಬಗ್ಗಿದ. ತೆರೆಯ ಮೇಲಿನ ಫೋಟೊದಲ್ಲಿ ಒಂದು ಕುಟುಂಬ ಸುತ್ತಲಿನ ನೋಟಕ್ಕೆಲ್ಲ ಬೆನ್ನು ಹಾಕಿ, ಚರುಮುರಿಯ ಪೊಟ್ಟಣದೊಳಗೆ ಮುಖವಿಟ್ಟು ಕೂತಿತ್ತು.

“ಗುಡ್ಡದ ಮೇಲೆಯೇ ಕೂತಿದ್ದಾರಲ್ಲ ಮಾರಾಯ್ರೆ.”

ನಕ್ಕ. ಆ ನಗುವೇ ಅವಳಿಗೆ ಆಗದ್ದು. ತುಟಿಯ ಒಂದು ಮೂಲೆಯಲ್ಲಿ ಹುಟ್ಟಿ, ಇನ್ನೊಂದನ್ನು ತಲುಪುವ ಮೊದಲೇ ಅವಳ ಸಿಟ್ಟನ್ನು ಅರ್ಧ ಮಾಡಿಬಿಡುತ್ತಿತ್ತು.

ಆಲೆಟ್ಟಿಯ ಸುಪ್ರಿತಾ ಸುಳ್ಯದ ಕಾಲೇಜೊಂದರಲ್ಲಿ ಲೈಬ್ರರಿಯನ್. ರಜೆ ಸಿಕ್ಕಿದರೆ ಬಸ್ಸು ಹತ್ತಿ, ಸುತ್ತಲಿನ ಊರುಗಳನ್ನು ತಿರುಗಿ, ‘ಬಸ್ಸಿಳಿದರೆ’ ಎಂಬ ಬ್ಲಾಗ್ ಬರೆಯುತ್ತಿದ್ದಳು. ಎರಡು ವರ್ಷವಾದರೂ ಓದುವವರು ನೂರು ದಾಟಿರಲಿಲ್ಲ. ಈಗ ಪ್ರವಾಸ ಪತ್ರಿಕೆಯೊಂದು, ಒಳ್ಳೆಯ ಫೋಟೊ ಇದ್ದರೆ ತಿಂಗಳಿಗೊಂದು ಬರಹ ಹಾಕುತ್ತೇವೆ ಎಂದಿತ್ತು. ಗೆಳತಿಯ ಮದುವೆಯಲ್ಲಿ ಫೋಟೊ ತೆಗೆದಿದ್ದ ಶೈಲೇಶನನ್ನು ಅವಳು ಕೇಳಿಕೊಂಡದ್ದು ಅದಕ್ಕೇ.

“ಮದುವೆಗೆ ಎರಡು ಸಾವಿರ ಫೋಟೊ ತೆಗೀತೀರಿ. ನನಗೆ ಮಾತ್ರ ಒಂದಾ?”

“ಆ ಎರಡು ಸಾವಿರವನ್ನು ಯಾರು ನೋಡ್ತಾರೆ?”

“ನಾನು ಬರೆದದ್ದು ಒಂದಾದ್ರೂ ಓದಿದ್ದೀರಾ ನೀವು?”

ಶೈಲೇಶ್ ಕ್ಯಾಮೆರಾದ ಲೆನ್ಸ್ ಒರೆಸತೊಡಗಿದ. ಕಿವಿ ಕೆಂಪಾಯಿತು. ಓದಿಲ್ಲ ಎಂದೇ ಅವಳು ತಿಳಿದುಕೊಂಡಳು.

“ಬೇಡ ಬಿಡಿ. ನಾನೇ ತೆಕ್ಕೊಳ್ತೇನೆ!”

ತಾನೇ ಗುಡ್ಡ ಹತ್ತಿ ಮೊಬೈಲಿನಲ್ಲಿ ನಲವತ್ತು ಫೋಟೊ ತೆಗೆದಳು. ಬೇಡಬೇಡವೆಂದುಕೊಂಡೇ ಆ ಚರುಮುರಿಯದ್ದನ್ನೂ ಸೇರಿಸಿ ಪತ್ರಿಕೆಗೆ ಕಳಿಸಿದಳು. ಮಾರನೆಯ ದಿನವೇ ಉತ್ತರ ಬಂತು: “ನಿಮ್ಮ ಬರಹ ಓದಿದರೆ ಈಗಲೇ ಹೊರಡಬೇಕು ಅನಿಸುತ್ತದೆ. ಫೋಟೊ ನೋಡಿದರೆ ಬೇಡ ಅನಿಸುತ್ತದೆ. ಆ ಚರುಮುರಿ ಫೋಟೊ ತೆಗೆದವರು ಯಾರು? ಶುಕ್ರವಾರದೊಳಗೆ ಅವರದ್ದೇ ಇನ್ನೊಂದು ಹೊಸ ಫೋಟೊ ಕಳಿಸಿ.”

ಹಲ್ಲು ಕಚ್ಚಿಕೊಂಡು ಫೋನ್ ಮಾಡಿದಳು. “ಅರಂತೋಡಿನ ತೂಗುಸೇತುವೆ. ನಾಳೆ ಬೆಳಿಗ್ಗೆ.”

“ಸಾರಿ ಹೇಳ್ಲಿಕ್ಕೆ ಮಾಡಿದ್ದಾ?”

“ಅಲ್ಲ!”

“ಆಯ್ತು, ಬರ್ತೇನೆ.”

ಬಂದವನು ಅವಳನ್ನು ಸೇತುವೆಯ ಈಚೆ ತುದಿಯಲ್ಲಿ ಬರಿಗಾಲಲ್ಲಿ ನಿಲ್ಲಿಸಿ, ತಾನು ಆಚೆ ತುದಿಗೆ ಹೋದ. ಅಲ್ಲಿಂದ ನಾಲ್ಕು ಹೆಜ್ಜೆ ಬರುತ್ತಾನೆ, ನಿಲ್ಲುತ್ತಾನೆ, ಬಗ್ಗುತ್ತಾನೆ, ವಾಪಸು ಹೋಗುತ್ತಾನೆ. ಮುಕ್ಕಾಲು ಗಂಟೆಯಾದರೂ ಒಂದು ಕ್ಲಿಕ್ ಇಲ್ಲ. ಅವಳ ತಾಳ್ಮೆ ಮುಗಿಯಿತು.

“ಎಂತ ಮಾಡ್ತಾ ಇದ್ದೀರಿ ಅಲ್ಲಿ?”

“‘ಆಚೆ ತುದಿಯಲ್ಲಿ ಒಬ್ಬರು ಕಾಲಿಟ್ಟದ್ದು ಈಚೆ ತುದಿಯಲ್ಲಿ ನಿಂತವರ ಪಾದಕ್ಕೆ ಗೊತ್ತಾಗುತ್ತದೆ’ ಅಂತ ಬರೆದಿಟ್ಟಿದ್ದೀರಲ್ಲ!” ಅವನಿಗೂ ಮೊದಲ ಸಲ ಸಿಟ್ಟು ಬಂದಿತ್ತು. “ಅದನ್ನು ಕ್ಯಾಮೆರಾದಲ್ಲಿ ಹಿಡಿಯುದು ಹೇಗೆ ಅಂತ ನೀವೇ ಹೇಳಿ!”

ಅದು ಸುಪ್ರಿತಾಳ ಬ್ಲಾಗಿನ ಎರಡನೆಯ ಬರಹದ ಸಾಲು. ‘ಪುತ್ತೂರಿನವರು ಗುಡ್ಡ ಹತ್ತುವುದು ನೋಡಲಿಕ್ಕಲ್ಲ, ಚರುಮುರಿ ತಿನ್ನಲಿಕ್ಕೆ’ ಎಂದು ಬರೆದದ್ದೂ ತಾನೇ ಎಂಬುದು ಆಗ ನೆನಪಾಯಿತು.

“ಅದನ್ನು ಎಲ್ಲರೂ ಸೇರಿ ಓದಿದ್ದೇ ಹನ್ನೊಂದು ಸಲ,” ಎಂದಳು. “ಬ್ಲಾಗಲ್ಲಿ ಲೆಕ್ಕ ತೋರಿಸ್ತದೆ.”

“ಹನ್ನೊಂದರಲ್ಲಿ ಆರು ನಾನೇ.”

“ಮತ್ತೆ ಮೊನ್ನೆ ಕೇಳಿದಾಗ ಹೇಳ್ಲಿಕ್ಕೆ ಎಂತ ಆಗಿತ್ತು?”

“ಬರಹ ಇಷ್ಟ ಅಂತ ಶುರು ಮಾಡಿದ್ರೆ ಬರಹಕ್ಕೇ ನಿಲ್ಲುದಿಲ್ಲ ಅಂತ ಹೆದರಿಕೆ.”

ಅವನು ನಡೆದು ಬಂದ. ಒಂದೊಂದು ಹೆಜ್ಜೆಯೂ ಅವನಿಗಿಂತ ಮೊದಲು ಬಂದು ಅವಳ ಅಂಗಾಲನ್ನು ಮುಟ್ಟಿತು. ಎರಡು ಮಾರು ದೂರದಲ್ಲಿ ನಿಂತ.

“ನೀವು ಬಸ್ಸಿಳಿಯುವ ಎಲ್ಲ ಊರಿಗೂ ನಾನು ಬರ್ಬೇಕು ಅಂತ ಉಂಟು ಸುಪ್ರಿತಾ. ಬರೇ ಫೋಟೊದವನಾಗಿ ಅಲ್ಲ.”

ಎಷ್ಟು ಸತಾಯಿಸಿದ ಮನುಷ್ಯ! ಬೈಯಲೆಂದು ಬಾಯಿ ತೆರೆದಳು. ಕಣ್ಣು ತುಂಬಿತು, ಅದಕ್ಕೂ ಸಿಟ್ಟು ಬಂತು. “ಎಂತ ಜನ ಮಾರಾಯಾ ನೀನು,” ಎಂದವಳಿಗೆ ‘ನೀವು’ ಎಲ್ಲಿ ಬಿದ್ದುಹೋಯಿತೆಂದು ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಈ ಸಲ ನಗು ಎರಡೂ ಮೂಲೆ ತಲುಪಿತು. ಅವಳು ಕೈ ಚಾಚಿದಳು; ಅವನು ಹತ್ತಿರ ಬಂದು ಹಿಡಿದ.

ಅಷ್ಟರಲ್ಲಿ ಆಚೆ ತುದಿಯಲ್ಲಿ ಹುಲ್ಲಿನ ಕಟ್ಟು ಹೊತ್ತ ಹೆಂಗಸೊಬ್ಬಳು ಸೇತುವೆಗೆ ಕಾಲಿಟ್ಟಳು. ಸುಪ್ರಿತಾಳ ಕಾಲ್ಬೆರಳುಗಳು ಅವಳಿಗರಿವಿಲ್ಲದೆ ಹಲಗೆಯನ್ನು ಬಿಗಿಯಾಗಿ ಹಿಡಿದವು. ಶೈಲೇಶ್ ಕೈ ಬಿಡಿಸಿಕೊಂಡು ಅವಳ ಹಿಂದಕ್ಕೆ ಹಾರಿ, ನೆಲಕ್ಕೆ ಮಂಡಿಯೂರಿದ. ಕ್ಲಿಕ್. ಮುಂದೆ ಮುದುಡಿದ ಬರಿಗಾಲು, ದೂರದಲ್ಲಿ ಇನ್ನೊಬ್ಬರ ಮೊದಲ ಹೆಜ್ಜೆ.

ಹೆಂಗಸು ಹತ್ತಿರ ಬಂದು, ದಾರಿಗಡ್ಡ ಕೂತವನನ್ನೂ ಕಣ್ಣೊರೆಸುತ್ತಿದ್ದವಳನ್ನೂ ನೋಡಿದಳು.

“ಮದುವೆ ಫೋಟೊವಾ?”

“ಅಲ್ಲಕ್ಕ...” ಎಂದು ಶೈಲೇಶ್ ತಡವರಿಸುವಷ್ಟರಲ್ಲಿ ಸುಪ್ರಿತಾ ಹೇಳಿದಳು:

“ಇನ್ನೂ ಮನೆಯಲ್ಲಿ ಹೇಳಿ ಆಗ್ಲಿಲ್ಲ.”