ಮೂಲೆ ಕತ್ತರಿಸಿದ ಇಸ್ಪೀಟ್ ನಾಲ್ಕು

ಲಕೋಟೆಯ ಮೇಲಿದ್ದದ್ದು ಅವಳದೇ ಕೈಬರಹ.

ಅದರಲ್ಲಿ ಆಶ್ಚರ್ಯವೇನಿಲ್ಲ. ಹಳೆಯ ಇಸ್ಪೀಟು ಎಲೆಗಳ ಮೇಲೆ ಬಣ್ಣ, ಕಾಗದ, ನೂಲು ಅಂಟಿಸಿ, ಹೊಸ ಚಿತ್ರ ಮಾಡಿ, ಟಪಾಲಿನಲ್ಲಿ ಅದಲುಬದಲು ಮಾಡಿಕೊಳ್ಳುವ ಅವರ ಬಳಗದಲ್ಲಿ ಪದ್ಧತಿಯೇ ಹಾಗೆ. ಎಲೆ ಕಳಿಸುವವರು ತಮ್ಮ ವಿಳಾಸ ಬರೆದ ಖಾಲಿ ಲಕೋಟೆಯನ್ನೂ ಜೊತೆಗಿಡಬೇಕು. ಉತ್ತರ ಅದರಲ್ಲೇ ಬರುತ್ತದೆ.

ಈ ಉತ್ತರಕ್ಕಾಗಿ ಅವಳು ಆರು ವಾರ ಕಾದಿದ್ದಳು.

ಬಳಗದಲ್ಲಿ ಎಲ್ಲರಿಗೂ ಅಡ್ಡಹೆಸರು. ಪುಸ್ತಕಗಳಿಗೆ ಬೈಂಡು ಹಾಕುವ ಇವಳು ಗುಬ್ಬಿ. ಬೀಗ ರಿಪೇರಿ ಮಾಡುವ ಅವನು ಆಮೆ. ಒಂದೊಂದು ಎಲೆಗೂ ತಿಂಗಳು ತೆಗೆದುಕೊಳ್ಳುತ್ತಿದ್ದನಾದ್ದರಿಂದ ಆ ಹೆಸರು. ಮೂರು ವರ್ಷದಲ್ಲಿ ಅವನಿಂದ ಬಂದ ಎಲೆಗಳು ಮೂವತ್ತೊಂದು. ಎಲೆಯ ಹಿಂದೆ ನಾಲ್ಕು ಸಾಲಿಗಷ್ಟೇ ಜಾಗ. ಆ ನಾಲ್ಕು ಸಾಲಿನಲ್ಲಿ ಮಳೆ, ಬಿಸಿಲು, ಕೈಗೆ ತಗುಲಿದ ಗಾಯ, ನಗು ಎಲ್ಲ ಇರುತ್ತಿದ್ದವು. ಮನೆಯವರ ಸುದ್ದಿ ಇರುತ್ತಿರಲಿಲ್ಲ. ಮುಖವನ್ನಂತೂ ಒಬ್ಬರದೊಬ್ಬರು ನೋಡಿರಲಿಲ್ಲ.

ಗುಬ್ಬಿ ಅಂಟು ಮೆತ್ತಿದ ಬೆರಳುಗಳನ್ನು ಒರೆಸಿಕೊಂಡು ಲಕೋಟೆ ಒಡೆದಳು.

ಇಸ್ಪೀಟ್ ನಾಲ್ಕು. ಬೋಳು ಎಲೆ. ಚಿತ್ರವಿಲ್ಲ, ಬಣ್ಣವಿಲ್ಲ, ಒಂದಕ್ಷರವಿಲ್ಲ.

ಮೇಲೆ, ಎಡಗಡೆಯ ಮೂಲೆ ಕತ್ತರಿಸಿತ್ತು.



ಎದುರಿಗೆ ಕೂತು ಪುಸ್ತಕದ ಹಾಳೆಗಳ ಕಟ್ಟನ್ನು ಹೊಲಿಯುತ್ತಿದ್ದ ಅತ್ತಿಗೆ ತಲೆ ಎತ್ತಲಿಲ್ಲ. "ಬಂತೇನೇ ನಿನ್ನ ಆಮೆ ಸವಾರಿ? ಈ ಸಲ ಯಾಕೋ ಬೇಗ! ಬರೀ ಆರು ವಾರ!"

ಕೊನೆಗೆ ಅತ್ತಿಗೆ ತಲೆ ಎತ್ತಿದರು.

"ಗುಬ್ಬೀ? ಏನಾಯ್ತೇ? ಮುಖ ಯಾಕೆ ಹಾಗೆ ಸುಣ್ಣ ಆಗಿದೆ?"

"ಅತ್ತಿಗೆ... ಮೇಲಿನ ಎಡ ಮೂಲೆ..."

"ಹಾಗಂದ್ರೆ?"

"ಎಲೆ ಕಳಿಸ್ತಿದ್ದವರು ಸತ್ತಿದ್ದಾರೆ ಅಂತ. ಮನೆಯವರು ಹೀಗೆ ಕತ್ತರಿಸಿ ಕಳಿಸಬೇಕು ಅಂತ ಬಳಗದ ನಿಯಮ."

ಅತ್ತಿಗೆಯ ಸೂಜಿ ನಿಂತಿತು. "ಅಯ್ಯೋ ದೇವರೇ..."

ಗುಬ್ಬಿ ಅಳಲಿಲ್ಲ. ಅಳು ಬರುವುದಕ್ಕೂ ಧೈರ್ಯ ಬೇಕು. ಅವಳಿಗೆ ಬಂದದ್ದು ಬರೀ ಭಯ. ಯಾಕೆಂದರೆ ಆರು ವಾರದ ಹಿಂದೆ ಅವಳು ಕಳಿಸಿದ್ದು ಆಟೀನ್ ರಾಣಿ. ರಾಣಿಯ ಎದೆಯ ಮೇಲೆ ಉಗುರಿನಷ್ಟು ಅಗಲದ ಕಾಗದದ ಬಾಗಿಲು ಮಾಡಿ, ಅದರ ಹಿಂದೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರೆದಿದ್ದಳು:

'ಈ ಗೂಡಿನಲ್ಲಿ ಇನ್ನೊಬ್ಬರಿಗೆ ಜಾಗವಿದೆ, ಆಮೆಯವರೇ.'

ಮೂರು ವರ್ಷದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಬರೆದ ಸಾಲು!

'ಅವರು ಆ ಬಾಗಿಲು ತೆಗೆದರೋ ಇಲ್ಲವೋ? ಓದದೇ ಹೋಗಿಬಿಟ್ಟರೇ? ಅಥವಾ ಓದಿ... ಬೇಡವೆನಿಸಿ ಸುಮ್ಮನಾದರೇ?'

"ನಾಳೆ ಹೋಗ್ತೀನಿ ಅತ್ತಿಗೆ. ವಿಳಾಸ ಇದೆ."

"ಗುರುತಿಲ್ಲದ ಮನೆಗೆ? ಒಬ್ಬಳೇ? ಹೋಗಿ ಏನಂತ ಕೇಳ್ತೀಯ?"

"ಓದಿದ್ರಾ ಅಂತ. ಅಷ್ಟು ಗೊತ್ತಾದ್ರೆ ಸಾಕು."

ಅತ್ತಿಗೆ ಅವಳನ್ನೇ ನೋಡಿದರು. ಆಮೇಲೆ ಸೆರಗಿನ ಗಂಟಿನಿಂದ ಪಿನ್ನೊಂದನ್ನು ತೆಗೆದು ನಾದಿನಿಯ ಚೀಲದ ಹರಿದ ಬಾಯಿಗೆ ಚುಚ್ಚಿದರು. "ಸರಿ. ಹೋಗಿ ಬಾ. ತಲುಪಿದ ಕೂಡಲೆ ಫೋನ್ ಮಾಡ್ಬೇಕು, ತಿಳೀತಾ? ಇಲ್ಲಾಂದ್ರೆ ನಾನೇ ಹೊರಟು ಬರ್ತೀನಿ, ನನ್ನ ಮಂಡಿನೋವು ನಿನ್ನ ತಲೆಗೆ!"

ಮಾರನೆಯ ದಿನ ನಾಲ್ಕು ತಾಸಿನ ಬಸ್ಸಿನ ದಾರಿಯುದ್ದಕ್ಕೂ ಗುಬ್ಬಿಯ ಜೀವ ಕೈಯಲ್ಲಿತ್ತು. ನಿಲ್ದಾಣ ಬಂದದ್ದೂ ತಿಳಿಯಲಿಲ್ಲ. ಕಂಡಕ್ಟರು ಎರಡು ಸಲ ಕೂಗಬೇಕಾಯಿತು.

ಬೀಗದ ಅಂಗಡಿ ಒಂದು ಗಲ್ಲಿಯ ತುದಿಯಲ್ಲಿತ್ತು. ಮುಂದೆ ಅಂಗಡಿ, ಹಿಂದೆ ಮನೆ. ಅರ್ಧ ಎಳೆದ ಷಟರು. ಒಳಗೆ ಗೋಡೆಯ ತುಂಬ ಮೊಳೆಗೆ ನೇತುಹಾಕಿದ ಹಲ್ಲಿಲ್ಲದ ಬೀಗದ ಕೈಗಳು, ಲೋಹ ಉಜ್ಜುವ ಅರದ ಪಕ್ಕದಲ್ಲಿ ಹಿತ್ತಾಳೆಯ ಪುಡಿ. ಬಾಗಿಲು ತಟ್ಟಲೆಂದು ಎತ್ತಿದ ಅವಳ ಕೈ ಗಾಳಿಯಲ್ಲೇ ನಿಂತಿತು.

ಅಷ್ಟರಲ್ಲಿ ಷಟರು ಕಿರ್ರೆಂದು ಮೇಲೆ ಹೋಯಿತು!

ಗುಬ್ಬಿ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದಳು.

ಎದುರಿಗೆ ಒಬ್ಬ ಗಂಡಸು. ಗಡ್ಡ ಬೋಳಿಸದ ಮುಖ, ನಿದ್ದೆಗೆಟ್ಟು ಕೆಂಪಾದ ಕಣ್ಣು. 'ಇವರು ಅವರ ತಮ್ಮನಿರಬೇಕು' ಅಂದುಕೊಂಡಳು. ಆ ಮುಖವನ್ನು ದಿಟ್ಟಿಸಲು ಅವಳಿಗೆ ಭಯವಾಯಿತು.

"ಇವತ್ತು ಅಂಗಡಿ ಇಲ್ಲಮ್ಮ. ಮನೇಲಿ ಸಾವಾಗಿದೆ."

"ಗೊತ್ತು... ಅದಕ್ಕೇ ಬಂದೆ. ಅವರು... ಯಾವಾಗ?"

"ಶುಕ್ರವಾರ ಬೆಳಿಗ್ಗೆ. ನೀವು ಅವರಿಗೆ ಪರಿಚಯಾನಾ?"

"ಕಾಗದದಲ್ಲಿ ಮಾತ್ರ."

"ಓ..." ಅವನು ತಲೆದೂಗಿದ. "ವಾರಕ್ಕೆ ಹತ್ತು ಜನಕ್ಕೆ ಬರೀತಿದ್ರು ಅವರು. ಶುಕ್ರವಾರದಿಂದ ಒಬ್ಬರಾದ ಮೇಲೆ ಒಬ್ಬರು ಬರ್ತಾನೇ ಇದ್ದಾರೆ. ಬನ್ನಿ, ಕೂತ್ಕೊಳ್ಳಿ."

ವಾರಕ್ಕೆ ಹತ್ತು ಜನ! ತಿಂಗಳಿಗೊಂದು ಎಲೆಗಾಗಿ ಜೀವ ತೇಯ್ದ ಗುಬ್ಬಿಗೆ ಆ ಮಾತು ಮುಳ್ಳಿನಂತೆ ನಾಟಿತು. ಆದರೂ ಕೇಳಿದಳು.

"ನೋವು... ತುಂಬ ಇತ್ತಾ ಅವರಿಗೆ?"

"ಇಲ್ಲ. ಪುಣ್ಯವಂತರು. ಕೊನೇ ಗಳಿಗೇಲೂ ನನ್ನ ಬೈದೇ ಹೋದ್ರು. 'ಊರಿನ ಬೀಗ ಎಲ್ಲ ತೆಗೀತೀಯ, ನಿನ್ನ ಬಾಯಿ ಬೀಗ ಮಾತ್ರ ತೆಗೆಯಲ್ಲ' ಅಂತ." ನಗಲು ಹೋಗಿ ಅವನು ಮುಖ ತಿರುಗಿಸಿಕೊಂಡ. "ಸಮಾಧಿಗೆ ಹೋಗಿ ಬರ್ತೀರಾ? ದಾರಿ ಗೀಚಿ ಕೊಡ್ತೀನಿ."

ಮೇಜಿನ ಮೇಲಿದ್ದ ಕಾಗದವೊಂದನ್ನು ಎಳೆದುಕೊಂಡ. ಬೆರಳನ್ನು ನೀರಿನ ಲೋಟದಲ್ಲಿ ಅದ್ದಿ, ಕಾಗದದ ಮೇಲೆ ಒದ್ದೆ ಗೆರೆ ಎಳೆದ. ಗೆರೆಯ ಗುಂಟ ಮೆಲ್ಲಗೆ ಹರಿದು, ದಾರಿ ಗೀಚಲು ಪೆನ್ಸಿಲು ಎತ್ತಿಕೊಂಡ.

ಹರಿದ ಅಂಚಿನಲ್ಲಿ ಹಕ್ಕಿಯ ಮರಿಪುಕ್ಕದಂಥ ಬಿಳಿ ನಾರು ಎದ್ದಿತು.

ಗುಬ್ಬಿ ಆ ಅಂಚಿನತ್ತ ಬಾಗಿದಳು.

ಕಾಗದದಲ್ಲೇ ಬದುಕುವವಳು ಅವಳು. ಈ ಅಂಚನ್ನು ಕತ್ತಲಲ್ಲಿ ಮುಟ್ಟಿದರೂ ಗುರುತಿಸುತ್ತಿದ್ದಳು. ಆಮೆ ಕಳಿಸಿದ ಮೂವತ್ತೊಂದು ಎಲೆಗಳಲ್ಲಿ ಮೋಡ, ಬೆಟ್ಟ, ನದಿ ಎಲ್ಲವೂ ಹೀಗೇ ನೀರು ಮುಟ್ಟಿಸಿ ಹರಿದ ಕಾಗದದವು. 'ಕತ್ತರಿ ಹಿಡಿದರೆ ನನ್ನ ಕೈ ನಡುಗುತ್ತೆ' ಎಂದು ಒಮ್ಮೆ ಬರೆದಿದ್ದ.

"ನೀವು..." ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ಆಮೆ?"

ಪೆನ್ಸಿಲು ನಿಂತಿತು. ಆ ಹೆಸರಿನಿಂದ ಅವನನ್ನು ಯಾರೂ ಎದುರಿಗೆ ಕರೆದಿರಲಿಲ್ಲ.

"ಗು... ಗುಬ್ಬಿ?"

"ನೀವು ಸತ್ತಿಲ್ವಾ?!"

"ಇಲ್ಲ..." ಎಂದ ಅವನು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವನಂತೆ. "ಸತ್ತಿದ್ದು ನಮ್ಮ ದೊಡ್ಡಮ್ಮ. ನನ್ನ ಸಾಕಿದವರು. ಶಾಲೇಲಿ ಡ್ರಾಯಿಂಗ್ ಟೀಚರಾಗಿದ್ರು. ನೀವು ಅವರ ಹಳೇ ವಿದ್ಯಾರ್ಥಿ ಅಂದ್ಕೊಂಡೆ."

ಗುಬ್ಬಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ನಿನ್ನೆಯಿಂದ ಕಟ್ಟಿಹೋಗಿದ್ದ ಅಳು ಈಗ ಬಂತು. ಅದರ ಹಿಂದೆಯೇ ಕೋಪವೂ ಬಂತು.

"ಹಾಗಾದ್ರೆ ಇದೇನು?" ಚೀಲದಿಂದ ಇಸ್ಪೀಟ್ ನಾಲ್ಕನ್ನು ತೆಗೆದು ಮುಂದೆ ಹಿಡಿದಳು. "ಮೇಲಿನ ಎಡ ಮೂಲೆ! ನನ್ನ ಜೀವಾನೇ ಹೋಗಿತ್ತು!"

"ಇಲ್ಲ! ನಾನು ಹೇಗೋ ಕತ್ತರಿ ಹಿಡಿದು ಕೆಳಗಿನ ಬಲ ಮೂಲೆ ಕತ್ತರಿಸಿದ್ದು. 'ನಮ್ಮ ಮನೇಲಿ ಸಾವಾಗಿದೆ, ಒಂದು ತಿಂಗಳು ಎಲೆ ಕಳಿಸೋಕಾಗಲ್ಲ' ಅಂತ. ಅದೂ ನಿಯಮಾನೇ ತಾನೆ?"

"ಎಲ್ಲಿದೆ ಬಲ? ನೋಡಿ ಇಲ್ಲಿ!"

ಅವನು ಎಲೆಯನ್ನು ಅವಳ ಕೈಯಿಂದ ತೆಗೆದುಕೊಂಡು ನೋಡಿದ. ಮೆಲ್ಲಗೆ ತಲೆಕೆಳಗು ಮಾಡಿದ.

ನಾಲ್ಕು ಇಸ್ಪೀಟು ಗುರುತುಗಳೂ ಹಾಗೆಯೇ ಉಳಿದವು. ಎರಡು ಮೇಲ್ಮುಖ, ಎರಡು ಕೆಳಮುಖ. ಕತ್ತರಿಸಿದ ಮೂಲೆ ಮಾತ್ರ ಮೇಲಿನ ಎಡದಿಂದ ಕೆಳಗಿನ ಬಲಕ್ಕೆ ಬಂತು.



ಬಳಗದವರು ಕಳಿಸುವ ಎಲೆಯಲ್ಲಿ ಯಾವಾಗಲೂ ಚಿತ್ರವಿರುತ್ತದೆ. ಚಿತ್ರವಿದ್ದರೆ ಮೇಲು ಯಾವುದು, ಕೆಳಗು ಯಾವುದು ಎಂದು ಗೊತ್ತಾಗುತ್ತದೆ. ಬೋಳು ಎಲೆಗೆ ಎಲ್ಲಿಯ ಮೇಲು, ಎಲ್ಲಿಯ ಕೆಳಗು? ನಿಯಮ ಬರೆದವರಿಗೂ ಅದು ಹೊಳೆದಿರಲಿಲ್ಲ.

"ಚಿತ್ರ ಅಂಟಿಸೋಕೆ ಕೈ ಏಳಲಿಲ್ಲ," ಎಂದ ಅವನು. "ನಿಮ್ಮನ್ನ ಇಷ್ಟು ಹೆದರಿಸಿಬಿಟ್ಟೆ... ನಾನೆಂಥ ಮಂಕ!"

ಗುಬ್ಬಿ ಕಣ್ಣೊರೆಸಿಕೊಂಡಳು. ಅವನು ಬದುಕಿದ್ದಾನೆ. ಆದರೆ ಭಯ ಹೋಗಲಿಲ್ಲ, ಮಗ್ಗುಲು ಬದಲಿಸಿತು ಅಷ್ಟೆ. ಸತ್ತವರು ಉತ್ತರ ಕೊಡದಿದ್ದರೆ ಸಹಿಸಬಹುದು. ಬದುಕಿರುವವರು ಕೊಡದಿದ್ದರೆ?

ಎದ್ದು ಹೋಗಿಬಿಡಲೇ ಎನ್ನಿಸಿತು. ಹೋಗಲಿಲ್ಲ.

"ಆಟೀನ್ ರಾಣಿ... ಬಂದಿತ್ತಾ?"

"ಬಂತು."

"ಬಾಗಿಲು... ತೆಗೆದ್ರಾ?"

ಅವನು ಒಳಗೆ ಹೋದ. ಆ ಒಂದು ನಿಮಿಷ ಗುಬ್ಬಿಗೆ ಆರು ವಾರಕ್ಕಿಂತ ಉದ್ದವಾಯಿತು. ತಗಡಿನ ಡಬ್ಬಿಯೊಂದನ್ನು ತಂದು, ಅದರೊಳಗಿಂದ ರಾಣಿಯನ್ನು ತೆಗೆದು, ಎರಡೂ ಕೈಯಿಂದ ಅವಳ ಮುಂದಿಟ್ಟ.

ಗುಬ್ಬಿ ಬಗ್ಗಿ ನೋಡಿದಳು. ಕಾಗದದ ಬಾಗಿಲಿನ ಮಡಿಕೆ ಸವೆದು ನಾರೆದ್ದಿತ್ತು. ಒಮ್ಮೆ ಕಿತ್ತೇ ಬಂದಿರಬೇಕು; ಒಳಗಿನಿಂದ ತೆಳ್ಳನೆಯ ಕಾಗದದ ತೇಪೆ ಹಾಕಿತ್ತು. ಮಡಿಕೆ ಹೀಗೆ ಸವೆಯಲು ಎಷ್ಟು ಸಲ ತೆಗೆದು ಮುಚ್ಚಬೇಕು ಎಂಬುದು ಬೈಂಡು ಹಾಕುವವಳಿಗೆ ಗೊತ್ತಿಲ್ಲವೇ!

"ದಿನಾ ತೆಗೀತಿದ್ದೆ," ಎಂದ ಅವನು ನೆಲ ನೋಡುತ್ತ.

"ಮತ್ತೆ ಒಂದು ಸಾಲು ಬರೀಬಾರದಿತ್ತಾ?"

"ಭಯ ಆಯ್ತು. ನೀವು ಜಾಗ ಕೊಟ್ಟಿದ್ದು ಎಲೆ ಮೇಲಿನ ಆಮೆಗೆ. ಈ ಮುಖ ನೋಡಿ ಬೇಡ ಅಂದ್ರೆ? ಆಮೇಲೆ ದೊಡ್ಡಮ್ಮ ಹಾಸಿಗೆ ಹಿಡಿದ್ರು. ಒಂದಿನ ಡಬ್ಬಿ ತೆಗೆದು ಅವರೇ ಓದಿಬಿಟ್ರು. ಅವತ್ತಿಂದ ಔಷಧಿ ಕೊಡೋಕೆ ಹೋದ್ರೆ ಸಾಕು, 'ಮೊದಲು ಆ ಹುಡುಗಿಗೆ ಉತ್ತರ ಬರಿ, ಆಮೇಲೆ ನನಗೆ ಗುಳಿಗೆ ಕೊಡು' ಅನ್ನೋರು."

ಗುಬ್ಬಿಗೆ ಅಳುವಿನ ನಡುವೆ ನಗು ಬಂತು. ತಾನು ಎಂದೂ ಕಾಣದ, ಇನ್ನು ಕಾಣಲಾರದ ಆ ಮುದುಕಿಗಾಗಿ ಮತ್ತೆ ಕಣ್ಣೊರೆಸಿಕೊಂಡಳು.

ಅವನು ಮೊದಲ ಬಾರಿಗೆ ಅವಳ ಮುಖವನ್ನು ನೇರವಾಗಿ ನೋಡಿದ.

"ಗುಬ್ಬಿಯವರೇ... ಆ ಜಾಗ ಇನ್ನೂ ಇದೆಯಾ?"

"ನೀವು ಸತ್ತಿದ್ರೂ ಖಾಲೀನೇ ಇಟ್ಟಿರ್ತಿದ್ದೆ."

ಅವನ ಕಣ್ಣು ತುಂಬಿತು. ಕೈಯನ್ನು ಮುಂದೆ ಚಾಚಿದ.  ಗುಬ್ಬಿ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಆಮೇಲೆ ಗುಬ್ಬಿ ಕೇಳಿದಳು, "ದೊಡ್ಡಮ್ಮನಿಗೆ ಏನಿಷ್ಟ?"

"ಪಾರಿಜಾತ. ಹಿತ್ತಿಲಲ್ಲಿ ಅವರೇ ನೆಟ್ಟ ಗಿಡ ಇದೆ."

ಅವನು ಬಿಳಿ ಕಾಗದಕ್ಕೆ ನೀರು ಮುಟ್ಟಿಸಿ ಎಸಳುಗಳನ್ನು ಹರಿದ. ಅವಳು ಬೆರಳ ತುದಿಯಲ್ಲಿ ಅಂಟು ತೆಗೆದು ಇಸ್ಪೀಟ್ ನಾಲ್ಕರ ಮೇಲೆ ಒಂದೊಂದಾಗಿ ಕೂರಿಸಿದಳು. ತೊಟ್ಟು ಕೆಳಗೆ, ಹೂವು ಮೇಲೆ. ಕತ್ತರಿಸಿದ ಮೂಲೆ ಈಗ ಕೆಳಗೆ, ಬಲಗಡೆಗೆ ಬಂದು ನಿಂತಿತು.

"ಈಗ ಯಾರಿಗೂ ತಪ್ಪು ತಿಳಿಯಲ್ಲ," ಎಂದಳು.

ಸಂಜೆಯ ಬಿಸಿಲು ಇಳಿಯುವ ಮುನ್ನ ಇಬ್ಬರೂ ಸಮಾಧಿಗೆ ಹೋದರು. ಇನ್ನೂ ಹಸಿಯಾಗಿದ್ದ ಮಣ್ಣಿನ ಮೇಲೆ ಎಲೆಯನ್ನಿಟ್ಟು, ಹಾರದಂತೆ ಅವನು ಜೇಬಿನಿಂದ ಹಳೆಯ ಬೀಗವೊಂದನ್ನು ತೆಗೆದು ಅದರ ಮೇಲಿಟ್ಟ. ಬೀಗ ತೆರೆದೇ ಇತ್ತು.

ಗುಬ್ಬಿ ಕೈಮುಗಿದು ಕಣ್ಣು ಮುಚ್ಚಿದಳು.

'ದೇವರೇ, ಮಗನ ಬಾಯಿಯ ಬೀಗ ತೆಗೆಸಿ ಹೋದ ತಾಯಿ ಇವರು. ಇವರ ಬೈಗುಳವೇ ನಮಗೆ ಆಶೀರ್ವಾದವಾಯಿತು. ಮೇಲು ಕೆಳಗೆಂಬುದಿಲ್ಲದ ನಿನ್ನ ಮಡಿಲಲ್ಲಿ ಇವರಿಗೆ ಜಾಗ ಕೊಡು. ಈ ಜೀವಕ್ಕೆ ಶಾಂತಿ ಕೊಡು.'